ಹೇಳಿದ್ದನ್ನೇ ಎಷ್ಟು ಮಂದಿಗೆ ಹೇಳಬೇಕು?



ಈ ಉಪನ್ಯಾಸಕ್ಕೆ ದತ್ತಿ ಇಟ್ಟ ಮನೆಯವರು ತಮ್ಮ ಹೆಸರು ಹೇಳಬೇಡಿ ಎಂದಿದ್ದಾರೆ. ಯಾರ ನೆನಪಿಗೆ ಇಟ್ಟರೋ ಆ ಹೆಣ್ಣುಮಗಳ ಹೆಸರೂ ಬೇಡ ಎಂದಿದ್ದಾರೆ. ಹೆಸರು ಉಳಿಯಲಿ ಎಂದು ದತ್ತಿ ಇಡುವುದು ಲೋಕದ ರೂಢಿ. ಹೆಸರು ಬೇಡ ಎಂದು ಇಟ್ಟ ದತ್ತಿಯನ್ನು ನಾನು ಕಂಡದ್ದು ಇದೇ ಮೊದಲು. ಇವತ್ತಿನ ಮಾತಿಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಹೊಳೆಯಲಿಲ್ಲ.

ಸಂಘಟಕರು ಕೊಟ್ಟ ವಿಷಯ ಉದ್ದವಾಗಿದೆ: ಕೌಟುಂಬಿಕ ಹಿಂಸೆಗೆ ಒಳಗಾದ ಮಹಿಳೆಯರಿಗೆ ಸಾಂಸ್ಥಿಕ ಬೆಂಬಲದ ಸಮನ್ವಯ. ಸಮನ್ವಯ ಎಂಬ ಮಾತು ಕೇಳಿದರೆ ನಮ್ಮ ಜೇವರ್ಗಿ ತಾಲ್ಲೂಕಿನವರಿಗೆ ನೆನಪಾಗುವುದು ಸಭೆ. ಮೂರು ತಿಂಗಳಿಗೊಮ್ಮೆ, ಚಹಾ, ಬಿಸ್ಕತ್ತು, ಹಾಜರಿ ಪುಸ್ತಕಕ್ಕೆ ಸಹಿ. ನಾನು ಆ ಪದವನ್ನು ಬದಿಗಿಟ್ಟು, ಒಬ್ಬ ಹೆಣ್ಣುಮಗಳು ಕೋರ್ಟಿನ ಪಡಸಾಲೆಯಲ್ಲಿ ನನ್ನನ್ನು ಕೇಳಿದ ಮಾತಿನಿಂದ ಶುರು ಮಾಡುತ್ತೇನೆ. "ಹೇಳಿದ್ದನ್ನೇ ಎಷ್ಟ್ ಮಂದಿಗಿ ಹೇಳ್ಬೇಕ್ರೀ ಅಕ್ಕೋರೆ?" ಆಗ ನನ್ನ ಬಳಿ ಉತ್ತರ ಇರಲಿಲ್ಲ. "ಇದೇ ಕೊನೀದವ್ವ, ಹೇಳು" ಎಂದೆ. ಅದು ಸುಳ್ಳು. ಆಮೇಲೆ ಆಕೆ ಇನ್ನೂ ಮೂರು ಕಡೆ ಹೇಳಬೇಕಾಯಿತು.

ಈ ಪ್ರಶ್ನೆ ಹಳೆಯದು. ಕೆರೆಗೆ ಹಾರ ಎಂಬ ನಮ್ಮ ಜನಪದ ಕಥನಗೀತೆ ನಿಮಗೆಲ್ಲ ಗೊತ್ತು, ಶಾಲೆಯಲ್ಲಿ ಓದಿದ್ದೀರಿ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದ, ನೀರು ಬೀಳಲಿಲ್ಲ, ಸೊಸೆಯನ್ನು ಬಲಿ ಕೊಡಬೇಕೆಂದು ಹೊತ್ತಿಗೆ ಹೇಳಿತು, ಕಿರಿಯ ಸೊಸೆ ಭಾಗೀರಥಿಯ ಪಾಳಿ ಬಂತು. ನಾವು ಅದನ್ನು ತ್ಯಾಗದ ಕಥೆ ಎಂದು ಪಾಠ ಮಾಡುತ್ತೇವೆ. ನಾನು ವಕೀಲೆ, ನನಗೆ ಅದರ ನಡುವಿನ ಭಾಗ ಕಾಡುತ್ತದೆ. ಭಾಗೀರಥಿ ತವರಿಗೆ ಹೋಗುತ್ತಾಳೆ. ಯಾಕೆ ಮುಖ ಬಾಡಿದೆ ಎಂದು ಅಪ್ಪ ಕೇಳುತ್ತಾನೆ. ಅತ್ತೆ ಮಾವ ಬೇರೆ ಇಡುತ್ತಾರಂತೆ ಎಂದು ಆಕೆ ಅರ್ಧ ಸುಳ್ಳು ಹೇಳುತ್ತಾಳೆ. ಅಪ್ಪ, ಅಷ್ಟೇ ತಾನೆ, ನಾನು ಹೊಲ ಕೊಡುತ್ತೇನೆ ಎನ್ನುವ ಧಾಟಿಯಲ್ಲಿ ಸಮಾಧಾನ ಮಾಡುತ್ತಾನೆ. ತಾಯಿಯ ಮುಂದೆಯೂ ಅದೇ ಅರ್ಧ ಸುಳ್ಳು. ಕೊನೆಗೆ ಗೆಳತಿಯ ಮನೆಗೆ ಹೋಗಿ ನಿಜ ಹೇಳುತ್ತಾಳೆ: ನನ್ನನ್ನು ಕೆರೆಗೆ ಹಾರ ಕೊಡುತ್ತಾರೆ. ಗೆಳತಿ ಏನನ್ನುತ್ತಾಳೆ? ಕೊಟ್ಟರೆ ಕೊಡಲಿ, ಅವರು ಇಟ್ಟ ಹಾಗೆ ನಾವಿರಬೇಕು ಎಂಬ ಅರ್ಥದ ಮಾತು ಹೇಳಿ ಕಳಿಸುತ್ತಾಳೆ. ಭಾಗೀರಥಿ ಮರಳಿ ಬಂದು ಅಡುಗೆಗೆ ಕೂಡುತ್ತಾಳೆ.

ಎಷ್ಟು ಬಾಗಿಲು ಆಯಿತು? ಎಲ್ಲ ಬಾಗಿಲುಗಳೂ ತೆರೆದವು, ಎಲ್ಲರೂ ಪ್ರೀತಿಯಿಂದಲೇ ಮಾತಾಡಿದರು. ಒಬ್ಬರೂ ಇನ್ನೊಬ್ಬರನ್ನು ಕೇಳಲಿಲ್ಲ. ಅಪ್ಪನಿಗೆ ಗೊತ್ತಾಗದ್ದು ಗೆಳತಿಗೆ ಗೊತ್ತಿತ್ತು. ಗೆಳತಿ ಒಮ್ಮೆ ಓಡಿಹೋಗಿ ಅಪ್ಪನಿಗೆ ಹೇಳಿದ್ದರೆ ಹಾಡು ಬೇರೆಯಾಗುತ್ತಿತ್ತು.

ಈಗ ಅಂಕಿಗೆ ಬರುತ್ತೇನೆ, ಹೆಚ್ಚು ಹೊತ್ತು ನಿಲ್ಲುವುದಿಲ್ಲ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ಹಿಂದಿನ ಸಮೀಕ್ಷೆಯಲ್ಲಿ ಅದು ಶೇ 20.6 ಇತ್ತು. ಹಿಂಸೆ ಇಮ್ಮಡಿಯಾಯಿತೋ, ಹೇಳುವ ಬಾಯಿ ಇಮ್ಮಡಿಯಾಯಿತೋ, ಪಂಡಿತರು ವಾದಿಸಲಿ. ನನಗೆ ಅದಕ್ಕಿಂತ ಮುಖ್ಯವಾದದ್ದು ಇಡೀ ದೇಶದ ಇನ್ನೊಂದು ಅಂಕಿ: ಹಿಂಸೆ ಅನುಭವಿಸಿದವರಲ್ಲಿ ನೆರವು ಕೇಳಿದವರು ಶೇ 14 ಮಾತ್ರ. ಶೇ 77ರಷ್ಟು ಮಂದಿ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ನೆರವು ಕೇಳಿದವರಲ್ಲೂ ಬಹುಪಾಲು ಹೋದದ್ದು ತವರಿಗೆ. ಠಾಣೆಗೋ ದವಾಖಾನೆಗೋ ವಕೀಲರ ಬಳಿಗೋ ಬಂದವರು ಬೆರಳೆಣಿಕೆ. ಅಷ್ಟು ಕಷ್ಟಪಟ್ಟು ಬಂದವಳನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ? ಇವತ್ತು ಇಷ್ಟೇ ನನ್ನ ವಿಷಯ.

ಒಬ್ಬಳ ಕಥೆ ಹೇಳುತ್ತೇನೆ. ಆಕೆ ಒಬ್ಬಳಲ್ಲ. ಇಪ್ಪತ್ತು ವರ್ಷದ ವಕೀಲಿಕೆಯಲ್ಲಿ ಕಂಡ ಹಲವರನ್ನು ಕೂಡಿಸಿ ಒಬ್ಬಳನ್ನು ಮಾಡಿದ್ದೇನೆ, ಯಾರೂ ಗುರುತು ಹಚ್ಚಲು ಹೋಗಬೇಡಿ. ಭೀಮಾ ದಂಡೆಯ ಒಂದು ಹಳ್ಳಿ ಆಕೆಯ ತವರು. ಕೊಟ್ಟದ್ದು ಹೊಳೆಯಾಚೆ. ಮೊದಲ ಸಲ ಹೊಡೆತ ತಿಂದು ತವರಿಗೆ ಬಂದಾಗ ತಾಯಿ ಅರಿಶಿಣ ಹಚ್ಚಿದಳು. ಎರಡನೆಯ ಸಲ ಬಂದಾಗ ಕಟ್ಟೆಯ ಮೇಲೆ ಹಿರಿಯರ ಪಂಚಾಯ್ತಿ ಕೂತಿತು, ಗಂಡ ತಪ್ಪಾಯಿತು ಎಂದ, ಎಲೆ ಅಡಿಕೆ ಹಂಚಿದರು, ಆಕೆಯನ್ನು ಜೀಪು ಹತ್ತಿಸಿದರು. ಮೂರನೆಯ ಸಲ ಆಕೆ ತವರಿಗೆ ಹೋಗಲಿಲ್ಲ, ಠಾಣೆಗೆ ಹೋದಳು.

ಠಾಣೆಯಲ್ಲಿ ರೈಟರ್ ಎಲ್ಲ ಕೇಳಿ, "ಮೊದ್ಲ ದವಾಖಾನಿಗಿ ಹೋಗಿ ಬಾ" ಎಂದರು. ದವಾಖಾನೆಯಲ್ಲಿ, "ಠಾಣಿಯಿಂದ ಕಾಗದ ತಂದೀಯೇನು?" ಎಂದರು. ಕಾಗದ ಇಲ್ಲ ಎಂದದ್ದಕ್ಕೆ ಪೊಲೀಸ್ ಕೇಸಿಗೆ ಬೇಕಾದ ಗಾಯದ ದಾಖಲೆಯಾದ ಎಂಎಲ್‌ಸಿ ಮಾಡಲಿಲ್ಲ. ಜೊತೆಗೆ ಗಂಡನ ಕಡೆಯ ಹೆಂಗಸೊಬ್ಬಳು ನಿಂತಿದ್ದಳು. ಏನಾಯ್ತು ಎಂದು ಕೇಳಿದಾಗ ಈಕೆ "ಜಾರಿ ಬಿದ್ದೆ" ಎಂದಳು. ಒಪಿಡಿ ಚೀಟಿಯಲ್ಲಿ ಅದನ್ನೇ ಬರೆದರು. ಮರಳಿ ಠಾಣೆ. ಗಂಡನನ್ನು ಕರೆಸಿ ಬುದ್ಧಿ ಹೇಳಿ ಮುಚ್ಚಳಿಕೆ ಬರೆಸಿಕೊಂಡರು. ಪುಸ್ತಕದಲ್ಲಿ "ಸಾಂಸಾರಿಕ ತಕರಾರು, ರಾಜಿ" ಎಂದಾಯಿತು. ಹದಿನೈದು ದಿನಕ್ಕೆ ಮತ್ತೆ ಹೊಡೆತ. ಅಂಗನವಾಡಿ ಕಾರ್ಯಕರ್ತೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಕಚೇರಿಗೆ ಹೋಗು ಎಂದಳು. ಹೋದ ದಿನ ಅಧಿಕಾರಿ ಕಲಬುರಗಿಗೆ ಮೀಟಿಂಗಿಗೆ ಹೋಗಿದ್ದರು. ಇನ್ನೊಂದು ದಿನ ಮೇಲ್ವಿಚಾರಕಿ ಸಿಕ್ಕರು, ಒಳ್ಳೆಯ ಹೆಣ್ಣುಮಗಳು, ತಾಸುಗಟ್ಟಲೆ ಕೇಳಿದರು, ಕಡತದಲ್ಲಿ "ಆಪ್ತಸಮಾಲೋಚನೆ ಮಾಡಲಾಯಿತು" ಎಂದು ಬರೆದರು. ಆಮೇಲೆ ಆಕೆ ನನ್ನ ಬಳಿ ಬಂದಳು. ನಾನೂ ಕನ್ನಡಕ ಏರಿಸಿ, "ಮೊದಲಿನಿಂದ ಹೇಳವ್ವ" ಎಂದೆ.

ನಾನು ಬರೆದ ಅರ್ಜಿಯಲ್ಲಿ ದೈಹಿಕ, ಮಾನಸಿಕ, ಆರ್ಥಿಕ ಹಿಂಸೆ, ಮೂರೂ ಇದ್ದವು. ತಾರೀಖಿನ ದಿನ ಎದುರು ಪಕ್ಷದ ವಕೀಲರು ನಾಲ್ಕು ಕಾಗದ ಪಕ್ಕಪಕ್ಕ ಇಟ್ಟರು. ದವಾಖಾನೆಯಲ್ಲಿ ಜಾರಿ ಬಿದ್ದದ್ದು, ಠಾಣೆಯಲ್ಲಿ ತಕರಾರು, ಇಲಾಖೆಯಲ್ಲಿ ಸಮಾಲೋಚನೆ, ಕೋರ್ಟಿನಲ್ಲಿ ಹಿಂಸೆ. "ಇವುಗಳಲ್ಲಿ ಯಾವುದು ನಿಜ ತಾಯಿ?" ಎಂದು ಬಹಳ ವಿನಯದಿಂದ ಕೇಳಿದರು. ಆಕೆ ನನ್ನ ಮುಖ ನೋಡಿದಳು. ಆಕೆ ಎಲ್ಲ ಕಡೆ ಒಂದೇ ಕಥೆ ಬದುಕಿದ್ದಳು. ನಾಲ್ಕು ಕಚೇರಿಗಳು ಅದನ್ನು ನಾಲ್ಕು ಕಥೆ ಮಾಡಿದ್ದವು.

ಕಚೇರಿಗಳ ನಡುವೆ ಹೊಂದಾಣಿಕೆ ಇಲ್ಲದಿದ್ದರೆ ಏನಾಗುತ್ತದೆ ಎಂದು ಕೇಳುವವರಿಗೆ ನನ್ನ ಉತ್ತರ ಇದು. ಓಡಾಟ ಹೆಚ್ಚುತ್ತದೆ, ಚಪ್ಪಲಿ ಸವೆಯುತ್ತದೆ, ಅದೆಲ್ಲ ಸರಿ. ಅದಕ್ಕಿಂತ ದೊಡ್ಡದು, ಆಕೆಯ ಮಾತಿನ ಬೆಲೆ ಹೋಗುತ್ತದೆ.

ಹಾಗಾದರೆ ಕಾನೂನು ಇದನ್ನು ಮುಂಚೆ ಯೋಚಿಸಿರಲಿಲ್ಲವೇ? ಯೋಚಿಸಿತ್ತು. 1983ರಲ್ಲಿ ದಂಡಸಂಹಿತೆಗೆ 498ಎ ಸೇರಿತು. ಅದೀಗ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂ. ಅದು ಶಿಕ್ಷೆಯ ದಾರಿ. ಬಹಳ ಮಂದಿ ಹೆಂಗಸರಿಗೆ ಗಂಡನನ್ನು ಜೈಲಿಗೆ ಕಳಿಸುವುದು ಬೇಕಾಗಿರುವುದಿಲ್ಲ. ಹೊಡೆತ ನಿಲ್ಲಬೇಕು, ತಲೆಯ ಮೇಲೆ ಸೂರು ಇರಬೇಕು, ಮಕ್ಕಳ ಶಾಲೆ ತಪ್ಪಬಾರದು, ಜೋಳಕ್ಕೆ ದುಡ್ಡು ಬೇಕು. ಇದಕ್ಕಾಗಿ ಬಂದದ್ದು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, ಜಾರಿಯಾದದ್ದು 2006ರ ಅಕ್ಟೋಬರ್ 26ರಂದು. ಈ ಕಾಯ್ದೆಯ ಬಗ್ಗೆ ಮಾತಾಡುವವರೆಲ್ಲ ರಕ್ಷಣಾ ಆದೇಶ, ವಾಸದ ಹಕ್ಕು, ಜೀವನಾಂಶದ ಬಗ್ಗೆ ಹೇಳುತ್ತಾರೆ. ನಾನು ಅದರ ಇನ್ನೊಂದು ಮೂಲೆ ತೋರಿಸುತ್ತೇನೆ. 11ನೇ ಕಲಂ ತೆಗೆದು ನೋಡಿ. ಕಾನೂನು, ಗೃಹ, ಆರೋಗ್ಯ, ಮಾನವ ಸಂಪನ್ಮೂಲ ಇಲಾಖೆಗಳ ಸೇವೆಗಳ ನಡುವೆ ಪರಿಣಾಮಕಾರಿ ಸಮನ್ವಯ ಮಾಡುವುದು ಸರ್ಕಾರದ ಕರ್ತವ್ಯ ಎಂದಿದೆ. ಅಂದರೆ ಹೊಂದಿಕೊಂಡು ಕೆಲಸ ಮಾಡುವುದು ಅಧಿಕಾರಿಗಳ ಸೌಜನ್ಯಕ್ಕೆ ಬಿಟ್ಟ ವಿಷಯವಲ್ಲ, ಸಂಸತ್ತು ಹೇಳಿದ ಕೆಲಸ.

ಅದಕ್ಕೆ ಒಬ್ಬ ಅಧಿಕಾರಿಯನ್ನೂ ಒಂದು ಕಾಗದವನ್ನೂ ಕಾಯ್ದೆ ಕೊಟ್ಟಿತು. ಅಧಿಕಾರಿ ಸಂರಕ್ಷಣಾಧಿಕಾರಿ. ಕಾಗದ ಡಿಐಆರ್, ಅಂದರೆ ಕೌಟುಂಬಿಕ ಘಟನೆಯ ವರದಿ. ಸಂರಕ್ಷಣಾಧಿಕಾರಿ ಆಕೆಯ ಮಾತು ಒಮ್ಮೆ ಕೇಳಿ ಒಂದು ನಮೂನೆಯಲ್ಲಿ ಬರೆಯಬೇಕು. ಅದು ಮ್ಯಾಜಿಸ್ಟ್ರೇಟರಿಗೆ ಹೋಗಬೇಕು, ಪ್ರತಿ ಠಾಣೆಗೆ ಹೋಗಬೇಕು. ದವಾಖಾನೆ, ಉಚಿತ ಕಾನೂನು ನೆರವು, ಆಶ್ರಯಗೃಹ, ಇವೆಲ್ಲದರ ಪಟ್ಟಿ ಆ ಅಧಿಕಾರಿಯ ಮೇಜಿನ ಮೇಲಿರಬೇಕು. ಆಕೆಯನ್ನು ವೈದ್ಯರಿಗೆ ತೋರಿಸುವುದು, ಜಾಗ ಇಲ್ಲದಿದ್ದರೆ ಆಶ್ರಯಕ್ಕೆ ಸೇರಿಸುವುದು ಆ ಅಧಿಕಾರಿಯದೇ ಕೆಲಸ. ಕಾಯ್ದೆ ಬರೆದವರು ಒಂದು ಸಣ್ಣ ಕನಸು ಕಂಡಿದ್ದರು: ಕಾಗದ ತಿರುಗಲಿ, ಆಕೆ ತಿರುಗುವುದು ಬೇಡ.

2006ರ ನಿಯಮಗಳಲ್ಲಿ ಇನ್ನೊಂದು ಮಾತಿದೆ, ನಮ್ಮ ದವಾಖಾನೆಗಳ ಗೋಡೆಗೆ ಬರೆಸಬೇಕಾದದ್ದು. ಡಿಐಆರ್ ಇಲ್ಲ ಎಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವ ಹಾಗಿಲ್ಲ. ಅಷ್ಟೇ ಅಲ್ಲ, ಡಿಐಆರ್ ಇಲ್ಲದಿದ್ದರೆ ದವಾಖಾನೆಯವರೇ ಅದನ್ನು ತುಂಬಿ ಸಂರಕ್ಷಣಾಧಿಕಾರಿಗೆ ಕಳಿಸಬೇಕು. ಮೊದಲು ಠಾಣೆ ಕಾಗದ ತಾ ಎಂದು ಆಕೆಯನ್ನು ಮರಳಿ ಕಳಿಸಿದವರಿಗೆ ಕಾಗದ ಬರೆಯುವ ಜವಾಬ್ದಾರಿ ತಮ್ಮದೇ ಎಂದು ಗೊತ್ತಿರಲಿಲ್ಲ. ಅವರನ್ನು ನಾನು ಬೈಯುವುದಿಲ್ಲ. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಈಗ ಸಂರಕ್ಷಣಾಧಿಕಾರಿಯ ವಿಚಾರ. ಕರ್ನಾಟಕದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೇ, ನಾವು ಸಿಡಿಪಿಒ ಎನ್ನುವವರಿಗೇ, ಈ ಹೊಣೆ ಹೊರಿಸಿದ್ದಾರೆ. ರಾಜ್ಯದಲ್ಲಿ 204 ಯೋಜನೆಗಳು, 66 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳು. ಭಾಗಿಸಿ ನೋಡಿ, ಒಬ್ಬರ ಪಾಲಿಗೆ ಮುನ್ನೂರರ ಮೇಲೆ ಬರುತ್ತವೆ. ಮೊಟ್ಟೆ ಬಂತೇ, ಕಟ್ಟಡ ಸೋರುತ್ತಿದೆಯೇ, ಮಗುವಿನ ತೂಕ ಎಷ್ಟು, ಪೋಷಣ್ ಆ್ಯಪಿಗೆ ಹಾಕಿದಿರಾ, ಬಾಲ್ಯವಿವಾಹ ತಡೆದಿರಾ. ಇದೆಲ್ಲದರ ನಡುವೆ, ಸಾಯಂಕಾಲ ಐದಕ್ಕೆ ತಲೆ ಒಡೆದುಕೊಂಡು ಬಂದ ಹೆಣ್ಣುಮಗಳ ಹನ್ನೆರಡು ವರ್ಷದ ಸಂಸಾರವನ್ನು ಕೇಳಿ ನಮೂನೆ ತುಂಬಬೇಕು. ಯಾವ ಮನುಷ್ಯರಿಂದ ಸಾಧ್ಯ? ಕರ್ತವ್ಯಲೋಪ ಮಾಡಿದ ಸಂರಕ್ಷಣಾಧಿಕಾರಿಗೆ ಒಂದು ವರ್ಷದವರೆಗೆ ಸಜೆ ಎಂದು 33ನೇ ಕಲಂ ಹೇಳುತ್ತದೆ. ಪುಣ್ಯಕ್ಕೆ ಸರ್ಕಾರದ ಅನುಮತಿ ಇಲ್ಲದೆ ಕೇಸು ಹಾಕುವ ಹಾಗಿಲ್ಲ. ಇಲ್ಲದಿದ್ದರೆ ನಮ್ಮ ಸಿಡಿಪಿಒಗಳಲ್ಲಿ ಹೊರಗಿರುವವರು ಎಷ್ಟು ಮಂದಿಯೋ!

ಇದು ಜೇವರ್ಗಿಯ ಕೊರತೆ ಮಾತ್ರ ಅಲ್ಲ. 2025ರ ಮೇ 20ರಂದು ಸುಪ್ರೀಂ ಕೋರ್ಟು, ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, ಎಲ್ಲ ರಾಜ್ಯಗಳಿಗೂ ಜಿಲ್ಲಾ ಮತ್ತು ತಾಲ್ಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳನ್ನು ಗುರುತಿಸಿ ಎಂದು ಆದೇಶ ಮಾಡಿತು. ಕಾಯ್ದೆ ಬಂದು ಹತ್ತೊಂಬತ್ತು ವರ್ಷವಾದ ಮೇಲೆ! ಗುರುತಿಸುವುದು ಸುಲಭ, ಈಗಿರುವವರ ಹೆಗಲಿಗೇ ಇನ್ನೊಂದು ಆದೇಶದ ಪ್ರತಿ ಅಂಟಿಸಿದರಾಯಿತು. ನನ್ನ ಅಭಿಪ್ರಾಯ ನೇರವಾಗಿದೆ: ಬೇರೆ ಯಾವ ಕೆಲಸವೂ ಇಲ್ಲದ ಒಬ್ಬ ಸಂರಕ್ಷಣಾಧಿಕಾರಿ ತಾಲ್ಲೂಕಿಗೆ ಬೇಕು. ಅದು ಆಗುವವರೆಗೆ ಈ ಕಾಯ್ದೆ ಅರ್ಧ ಕಟ್ಟಿದ ಮನೆ.

"ನಮ್ಮ ಕಚೇರಿಗಳಿಗೆ ಕೂಡಿ ಕೆಲಸ ಮಾಡಲು ಬರುವುದಿಲ್ಲ" ಎಂದು ಹಲವರು ನಿಟ್ಟುಸಿರು ಬಿಡುತ್ತಾರೆ. ನಾನು ಒಪ್ಪುವುದಿಲ್ಲ. 2020ರ ಅಕ್ಟೋಬರ್ ನೆನಪು ಮಾಡಿಕೊಳ್ಳಿ. ಭೀಮಾ ಉಕ್ಕಿ ಬಂತು. ಅಫಜಲಪುರದಿಂದ ಈ ಕಡೆ ದಂಡೆಯ ಊರುಗಳಿಗೆಲ್ಲ ನೀರು ನುಗ್ಗಿತು. ಆಗ ತಹಸೀಲ್ದಾರರು, ಪೊಲೀಸರು, ವೈದ್ಯರು, ಪಿಡಿಒಗಳು, ಶಾಲೆಯ ಮಾಸ್ತರರು ಒಂದೇ ರಾತ್ರಿಯಲ್ಲಿ ಕೂಡಿದರು. ಶಾಲೆಗಳು ಕಾಳಜಿ ಕೇಂದ್ರಗಳಾದವು. ದೋಣಿ ಎಲ್ಲಿ, ಅನ್ನ ಎಲ್ಲಿ, ಬಸುರಿ ಹೆಂಗಸು ಯಾವ ಮನೆಯಲ್ಲಿ, ಎಲ್ಲ ಒಬ್ಬರಿಂದ ಒಬ್ಬರಿಗೆ ಹೋಯಿತು. ಯಾವ ಅಧಿಕಾರಿಯೂ ದಡಕ್ಕೆ ಬಂದ ಮುದುಕಿಯನ್ನು "ಹೊಳೆ ನಿಮ್ಮ ಮನೆಗೇ ಯಾಕೆ ಬಂತು, ನೀನೇನು ಮಾಡಿದ್ದಿ?" ಎಂದು ಕೇಳಲಿಲ್ಲ. "ಹೋಗು, ಹೊಳೆಯ ಜೊತೆ ಹೊಂದಿಕೊಂಡು ಇರು" ಎಂದು ಮರಳಿ ಕಳಿಸಲಿಲ್ಲ. ಹೊಳೆ ಬಂದಾಗ ಸಾಧ್ಯವಾದದ್ದು ಗಂಡ ಹೊಡೆದಾಗ ಯಾಕೆ ಆಗುವುದಿಲ್ಲ? ಕಾರಣ ಆಡಳಿತದ ಅಸಾಮರ್ಥ್ಯವಲ್ಲ. ಒಂದನ್ನು ನಾವು ವಿಪತ್ತು ಎಂದು ಒಪ್ಪಿದ್ದೇವೆ, ಇನ್ನೊಂದನ್ನು ಸಂಸಾರ ಎಂದು ಕರೆಯುತ್ತೇವೆ. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಶೇ 76.9ರಷ್ಟು ಹೆಂಗಸರು, ಶೇ 81.9ರಷ್ಟು ಗಂಡಸರು, ಕೆಲವು ಕಾರಣಗಳಿಗೆ ಹೆಂಡತಿಗೆ ಹೊಡೆಯುವುದು ಸರಿ ಎಂದಿದ್ದಾರೆ. ಆ ಶೇಕಡಾದಲ್ಲಿ ರೈಟರೂ ಇದ್ದಾರೆ, ನರ್ಸಮ್ಮನೂ ಇದ್ದಾಳೆ, ವಕೀಲರೂ ಇದ್ದಾರೆ. ನಾವು ಆಕಾಶದಿಂದ ಇಳಿದವರಲ್ಲ.

ದವಾಖಾನೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಠಾಣೆಗೆ ಎಂದೂ ಬರದವಳು ದವಾಖಾನೆಗೆ ಬಂದೇ ಬರುತ್ತಾಳೆ. ಬೆಂಗಳೂರಿನಲ್ಲಿ 1979ರಲ್ಲಿ ಹುಟ್ಟಿದ ವಿಮೋಚನಾ ಸಂಘಟನೆಯ ಹೆಂಗಸರು ತೊಂಬತ್ತರ ದಶಕದಲ್ಲಿ ಸುಟ್ಟಗಾಯದ ವಾರ್ಡುಗಳಲ್ಲಿ ಕುಳಿತು ಒಂದು ಸಂಗತಿ ಹೊರಗೆ ತಂದರು. ಎಳೆಯ ಸೊಸೆಯಂದಿರು ಒಬ್ಬರ ಹಿಂದೆ ಒಬ್ಬರು ಸಾಯುತ್ತಿದ್ದರು. ಕಡತಗಳಲ್ಲಿ ಕಾರಣ ಒಂದೇ: ಸ್ಟೌ ಸಿಡಿಯಿತು. ಸಿಡಿಯುವ ಸ್ಟೌಗಳು ಅತ್ತೆಯರನ್ನು ಮುಟ್ಟದೆ ಸೊಸೆಯರನ್ನೇ ಹುಡುಕುತ್ತಿದ್ದವು. ವಾರ್ಡಿನವರು ಬರೆದದ್ದನ್ನು ಠಾಣೆಯವರು ನಂಬಿದರು, ಠಾಣೆಯವರು ಮುಚ್ಚಿದ್ದನ್ನು ಯಾರೂ ತೆರೆಯಲಿಲ್ಲ. ಮುಂಬೈಯ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ 2000ದ ಸುಮಾರಿಗೆ ಬೇರೆ ದಾರಿ ಹಿಡಿದರು. ನಗರಪಾಲಿಕೆ ಮತ್ತು ಸೆಹತ್ ಎಂಬ ಸಂಸ್ಥೆ ಸೇರಿ ದಿಲಾಸಾ ಎಂಬ ಕೇಂದ್ರವನ್ನು ಆಸ್ಪತ್ರೆಯ ಒಳಗೇ ತೆರೆದವು. ಗಾಯಕ್ಕೆ ಪಟ್ಟಿ ಕಟ್ಟುವ ನರ್ಸಿಗೇ, "ಮನೆಯಲ್ಲಿ ಯಾರಾದರೂ ಹೊಡೆಯುತ್ತಾರೇನು?" ಎಂದು ಮೆಲ್ಲಗೆ ಕೇಳುವುದನ್ನು ಕಲಿಸಿದರು. ಜೊತೆಗೆ ಬಂದವರನ್ನು ಹೊರಗೆ ಕೂಡಿಸಿ ಕೇಳುವುದನ್ನು ಕಲಿಸಿದರು. ಇದಕ್ಕೆ ಕಟ್ಟಡ ಬೇಡ, ಯಂತ್ರ ಬೇಡ, ಒಂದು ಪರದೆ ಸಾಕು. ನನ್ನ ಕಥೆಯ ಹೆಣ್ಣುಮಗಳು "ಜಾರಿ ಬಿದ್ದೆ" ಎಂದದ್ದು ಆ ಪರದೆ ಇರಲಿಲ್ಲ ಎಂಬ ಕಾರಣಕ್ಕೆ.

ಅಮೆರಿಕದ ಡುಲುತ್ ಎಂಬುದು ದೊಡ್ಡ ಸರೋವರದ ದಂಡೆಯ ಸಾಧಾರಣ ಊರು. 1980ರ ದಶಕದ ಆರಂಭದಲ್ಲಿ ಅಲ್ಲಿನ ಪೊಲೀಸರು, ಕೋರ್ಟು, ಜೈಲು, ಆಶ್ರಯಗೃಹ ಕೂಡಿ, ಹಿಂಸೆಯ ದೂರು ಬಂದರೆ ಯಾರು ಏನು ಮಾಡಬೇಕು, ಯಾರಿಗೆ ತಿಳಿಸಬೇಕು ಎಂದು ಮೊದಲೇ ಬರೆದು ಒಪ್ಪಂದ ಮಾಡಿಕೊಂಡರು. ಲೋಕವೆಲ್ಲ ಅದನ್ನು ಅಧ್ಯಯನ ಮಾಡಿತು. ಹೊಸ ಇಲಾಖೆಯೇನೂ ಅಲ್ಲಿ ಹುಟ್ಟಲಿಲ್ಲ. ಇದ್ದವರೇ ಒಬ್ಬರ ಕಾಗದವನ್ನು ಇನ್ನೊಬ್ಬರು ಓದತೊಡಗಿದರು.

ನಮ್ಮಲ್ಲಿ ಹೊಸ ಹೆಸರುಗಳಿಗೆ ಬರವಿಲ್ಲ. 2000-01ರಲ್ಲಿ ರಾಜ್ಯ ಸರ್ಕಾರ ಸಾಂತ್ವನ ತಂದಿತು. ಜಿಲ್ಲಾ ಆಸ್ಪತ್ರೆಗಳಲ್ಲಿ ಗೆಳತಿ ಬಂತು. 2015ರಲ್ಲಿ ಕೇಂದ್ರದ ಸಖಿ ಒನ್ ಸ್ಟಾಪ್ ಸೆಂಟರ್ ಬಂತು, ಅದರ ಜೊತೆ 181 ಸಹಾಯವಾಣಿ. 2022ರಲ್ಲಿ ಮಿಷನ್ ಶಕ್ತಿ, ಸ್ವಾಧಾರ ಗೃಹ ಹೋಗಿ ಶಕ್ತಿ ಸದನ. ಬೋರ್ಡಿನ ಬಣ್ಣ ಒಣಗುವ ಮೊದಲೇ ಹೆಸರು ಬದಲಾಗುತ್ತದೆ. ಆದರೂ ಸಖಿಯ ಕಲ್ಪನೆ ಒಳ್ಳೆಯದು, ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಒಂದೇ ಸೂರಿನಡಿ ವೈದ್ಯರು, ಪೊಲೀಸರ ನೆರವು, ಕಾನೂನು ಸಲಹೆ, ಸಮಾಲೋಚನೆ, ಐದು ದಿನದವರೆಗೆ ಉಳಿಯಲು ಜಾಗ. ತೊಂದರೆ ಏನೆಂದರೆ ಆ ಸೂರು ಜಿಲ್ಲಾ ಕೇಂದ್ರದಲ್ಲಿದೆ. ಜೇವರ್ಗಿಯಿಂದ ಕಲಬುರಗಿಗೆ ಕಟ್ಟಿಸಂಗಾವಿಯ ಸೇತುವೆ ದಾಟಿ ಸುಮಾರು 40 ಕಿಲೋಮೀಟರು. ಯಡ್ರಾಮಿಯ ಆಚೆಯವರಿಗೆ ಅದರ ಇಮ್ಮಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ, ನಿಜ. ಚಿಲ್ಲರೆ ಇಲ್ಲದೆಯೂ ಮನೆ ಬಿಟ್ಟು ಹೊರಡಬಹುದು ಎಂಬುದು ಸಣ್ಣ ಮಾತಲ್ಲ. ಬೇರೆ ಇಲಾಖೆಗಳಿಗಿಂತ ನಮ್ಮ ಸಾರಿಗೆ ಸಂಸ್ಥೆಯೇ ಈ ಹೆಂಗಸರಿಗೆ ಹೆಚ್ಚು ನೆರವಾಗಿದೆಯೇನೋ ಎಂದು ನನಗೆ ಒಮ್ಮೊಮ್ಮೆ ಅನಿಸುತ್ತದೆ. ಆದರೆ ಹೊಡೆತ ಬಸ್ಸಿನ ವೇಳಾಪಟ್ಟಿ ನೋಡಿ ಬೀಳುವುದಿಲ್ಲ. ಕೊನೆಯ ಬಸ್ಸು ಹೋದ ಮೇಲೆ, ಕುಡಿದವನು ಮನೆಗೆ ಬಂದ ಮೇಲೆ ಬೀಳುತ್ತದೆ.

ಆದ್ದರಿಂದ ಜೇವರ್ಗಿಯಲ್ಲೇ ಒಂದು ಕೋಣೆ ಬೇಕು. ಎರಡು ಮಂಚ, ಒಳಗಿನಿಂದ ಹಾಕುವ ಚಿಲಕ, ಒಬ್ಬ ಹೆಣ್ಣುಮಗಳು ಕಾವಲಿಗೆ. ತಾಲ್ಲೂಕು ಆಸ್ಪತ್ರೆಯ ಆವರಣದಲ್ಲಾದರೆ ಒಳ್ಳೆಯದು. ಒಂದು ರಾತ್ರಿ ಕಳೆದರೆ ಬೆಳಿಗ್ಗೆ ಉಳಿದದ್ದು. ಸಂವಿಧಾನದ 371ಜೆ ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡಿನಲ್ಲಿ ಎಷ್ಟೋ ಕಟ್ಟಡಗಳು ಎದ್ದಿವೆ. ಈ ಒಂದು ಕೋಣೆ ಅದಕ್ಕೆ ಭಾರವಾಗುವುದಿಲ್ಲ. ಆ ಕೋಣೆಯಲ್ಲಿ ಆಕೆಯನ್ನು ಆಧಾರ್ ಎಲ್ಲಿ, ಡಿಐಆರ್ ಎಲ್ಲಿ ಎಂದು ಬಾಗಿಲಲ್ಲೇ ಕೇಳಬಾರದು. ಡಿಐಆರ್ ಇಲ್ಲವೆಂದು ಆಶ್ರಯ ನಿರಾಕರಿಸಬಾರದು ಎಂದು ನಿಯಮವೂ ಹೇಳುತ್ತದೆ. ನಮಗೆ ಅದನ್ನು ಹೇಳಲು ನಿಯಮ ಬೇಕೇ? ಇದೇ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು ದಾಸೋಹ ನಡೆಸಿದವರು. ಹಸಿದು ಬಂದವರ ಪರಿಚಯಪತ್ರ ಕೇಳಿ ಎಡೆ ಹಾಕಿದವರಲ್ಲ.

ಗಡಿಯ ಮಾತು ಒಂದಿದೆ. ಆಳಂದ, ಅಫಜಲಪುರದ ಹೆಣ್ಣುಮಕ್ಕಳನ್ನು ಅಕ್ಕಲಕೋಟೆಗೆ, ಸೋಲಾಪುರಕ್ಕೆ ಕೊಡುತ್ತೇವೆ, ಅಲ್ಲಿಂದ ತರುತ್ತೇವೆ. ದುಡಿಯಲು ಪುಣೆ, ಮುಂಬೈ, ಬೆಂಗಳೂರಿಗೆ ಹೋದ ಜೋಡಿಗಳೂ ಇದ್ದಾರೆ. "ಹೊಡೆತ ಮಹಾರಾಷ್ಟ್ರದಲ್ಲಿ ಬಿದ್ದದ್ದು, ಅಲ್ಲಿಗೇ ಹೋಗು" ಎಂದು ಹೇಳಿ ಕಳಿಸಿದ್ದನ್ನು ನಾನು ಕೇಳಿದ್ದೇನೆ. ಅದು ತಪ್ಪು. 2005ರ ಕಾಯ್ದೆಯ 27ನೇ ಕಲಂ ಪ್ರಕಾರ ಆಕೆ ತಾತ್ಕಾಲಿಕವಾಗಿ ಎಲ್ಲಿ ಇದ್ದಾಳೋ ಅಲ್ಲಿಯ ಮ್ಯಾಜಿಸ್ಟ್ರೇಟರ ಮುಂದೆಯೂ ಅರ್ಜಿ ಹಾಕಬಹುದು. ತವರಿನ ಕಟ್ಟೆಯ ಮೇಲೆ ಕೂತಿದ್ದರೆ ಸಾಕು, ಆ ತಾಲ್ಲೂಕಿನ ಕೋರ್ಟು ಆಕೆಯ ಕೋರ್ಟು. ಅಪರಾಧದ ದೂರಿಗೂ ಹದ್ದು ನೋಡದೆ ಝೀರೋ ಎಫ್‌ಐಆರ್ ಬರೆಯಬಹುದು ಎಂದು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳುತ್ತದೆ. ಮತ್ತೆ, ಮನೆ ಮಾವನ ಹೆಸರಿನಲ್ಲಿದೆ, ನಿನಗೆ ಹಕ್ಕಿಲ್ಲ ಎಂಬ ಬೆದರಿಕೆ. 2020ರಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನೂ ಬಗೆಹರಿಸಿದೆ: ಅತ್ತೆ ಮಾವನ ಹೆಸರಿನ ಮನೆಯೂ ಆಕೆ ಸಂಸಾರ ಮಾಡಿದ ಮನೆಯಾಗಿದ್ದರೆ ಅಲ್ಲಿ ವಾಸದ ಹಕ್ಕು ಕೇಳಬಹುದು.

ಕಾಯ್ದೆ ದುರುಪಯೋಗವಾಗುತ್ತದೆ ಎಂದು ಪ್ರಶ್ನೋತ್ತರದಲ್ಲಿ ಯಾರಾದರೂ ಕೇಳಿಯೇ ಕೇಳುತ್ತೀರಿ. ಈಗಲೇ ಉತ್ತರ ಹೇಳಿಬಿಡುತ್ತೇನೆ. 2014ರ ಅರ್ನೇಶ್ ಕುಮಾರ್ ತೀರ್ಪಿನ ನಂತರ 498ಎ ಪ್ರಕರಣಗಳಲ್ಲಿ ದೂರು ಬಂದ ಕೂಡಲೇ ಬಂಧಿಸುವ ಹಾಗಿಲ್ಲ, ಮೊದಲು ನೋಟಿಸು. ಸುಳ್ಳು ದೂರು ಇಲ್ಲವೆಂದು ನಾನು ಹೇಳುವುದಿಲ್ಲ. ಸುಳ್ಳು ದೂರನ್ನು ಹಿಡಿಯಲೂ ಮೊದಲ ದಿನವೇ ಸರಿಯಾಗಿ ಬರೆದ ಒಂದು ಕಾಗದವೇ ಬೇಕು.

ಇನ್ನು ನಮ್ಮ ಹೆಂಗಸರ ಬಗ್ಗೆ. 1989ರಲ್ಲಿ ಕರ್ನಾಟಕದಲ್ಲಿ ಶುರುವಾಗಿ ಮುಂದೆ ನಮ್ಮ ಜಿಲ್ಲೆಗೂ ಬಂದ ಮಹಿಳಾ ಸಮಖ್ಯದ ಸಂಘಗಳನ್ನು ಇಲ್ಲಿಯ ಹಿರಿಯ ಹೆಂಗಸರು ಬಲ್ಲಿರಿ. ಒಬ್ಬಳ ಮೇಲೆ ಹಿಂಸೆಯಾದರೆ ಹತ್ತು ಮಂದಿ ಸೀರೆ ಸೆರಗು ಬಿಗಿದು ಠಾಣೆಗೆ ಹೋಗುತ್ತಿದ್ದರು. ಒಬ್ಬಳು ಹೇಳುವಾಗ ಉಳಿದವರು ಸಾಕ್ಷಿ. ಠಾಣೆಯವರು ಬರೆದದ್ದನ್ನು ಓದಿಸಿ ಕೇಳಿ ಹೆಬ್ಬೆಟ್ಟು ಒತ್ತುತ್ತಿದ್ದರು. ಕಾರ್ಯಕ್ರಮ ನಿಂತುಹೋಯಿತು, ಹೆಂಗಸರು ಊರಲ್ಲೇ ಇದ್ದಾರೆ. ಈಗ ಸ್ತ್ರೀಶಕ್ತಿ ಗುಂಪುಗಳಿವೆ, ಸಾಲದ ಕಂತು ತುಂಬುವುದರಲ್ಲಿ ನಿಪುಣರು. ವಾರದ ಸಭೆಯಲ್ಲಿ ಕಂತಿನ ಲೆಕ್ಕ ಮುಗಿದ ಮೇಲೆ ಐದು ನಿಮಿಷ, ಈ ವಾರ ಬರದೇ ಇದ್ದವಳು ಯಾಕೆ ಬರಲಿಲ್ಲ ಎಂದು ಕೇಳಿದರೆ ಸಾಕು. 2005ರ ಕಾಯ್ದೆಯ 4ನೇ ಕಲಂ ಪ್ರಕಾರ ಹಿಂಸೆ ನಡೆದಿದೆ ಎಂದು ನಂಬಲು ಕಾರಣವಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ಭಾಗೀರಥಿಯ ಗೆಳತಿಗೆ ಈ ಕಲಂ ಗೊತ್ತಿರಲಿಲ್ಲ. ನಿಮಗೆ ಇವತ್ತು ಗೊತ್ತಾಯಿತು.

ಸಭೆಯಲ್ಲಿರುವ ಅಧಿಕಾರಿಗಳಿಗೆ ನನ್ನ ಬೇಡಿಕೆ ದೊಡ್ಡದಲ್ಲ. ಜೇವರ್ಗಿ, ಯಡ್ರಾಮಿ, ನೆಲೋಗಿ ಠಾಣೆಗಳಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ಡಿಐಆರ್ ನಮೂನೆ ಕನ್ನಡದಲ್ಲಿ ಅಚ್ಚಾಗಿ ಇರಲಿ. ಯಾವ ಬಾಗಿಲಿಗೆ ಆಕೆ ಮೊದಲು ಬಂದಳೋ ಅಲ್ಲಿಯೇ ಅದನ್ನು ತುಂಬಲಿ ಅಥವಾ ಸಂರಕ್ಷಣಾಧಿಕಾರಿಯನ್ನು ಅಲ್ಲಿಗೇ ಕರೆಸಲಿ. ಉಳಿದ ಬಾಗಿಲುಗಳವರು ಅದನ್ನೇ ಓದಲಿ, ಮತ್ತೆ ಕೇಳಬೇಕಾದರೆ ಬಿಟ್ಟುಹೋದದ್ದನ್ನು ಮಾತ್ರ ಕೇಳಲಿ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅದರ ಪ್ರತಿ ಅದೇ ದಿನ ಹೋಗಲಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಹೆಣ್ಣು ಎಂಬ ಒಂದೇ ಕಾರಣಕ್ಕೆ, ಆದಾಯ ಕೇಳದೆ, ಉಚಿತ ವಕೀಲರು ಸಿಗಬೇಕು. ಮೂರು ತಿಂಗಳಿಗೊಮ್ಮೆಯ ಸಭೆಯಲ್ಲಿ ಎಷ್ಟು ಅರಿವು ಕಾರ್ಯಕ್ರಮ ಮಾಡಿದಿರಿ ಎಂದು ಲೆಕ್ಕ ಕೇಳುವುದು ಬೇಡ. ಎಷ್ಟು ಡಿಐಆರ್ ತುಂಬಿದಿರಿ, ಅವುಗಳಲ್ಲಿ ಎಷ್ಟು ಅರ್ಜಿಗಳು 2005ರ ಕಾಯ್ದೆ ಹೇಳಿದ 60 ದಿನಗಳಲ್ಲಿ ತೀರ್ಮಾನವಾದವು ಎಂದು ಕೇಳಿ. ಚಹಾ ತಣ್ಣಗಾದರೂ ಚಿಂತೆಯಿಲ್ಲ.

ಕೊನೆಯದಾಗಿ, ದತ್ತಿಯ ಬಡ್ಡಿಯಲ್ಲಿ ನನಗೊಂದು ಲಕೋಟೆ ಇಟ್ಟಿದ್ದೀರಿ, ಶಾಲಿನ ಕೆಳಗೆ ಕಾಣುತ್ತಿದೆ. ಅದನ್ನು ನಾನು ಒಯ್ಯುವುದಿಲ್ಲ. ಆ ದುಡ್ಡಿನಲ್ಲಿ ಒಂದು ಡಬ್ಬಿ ಬಣ್ಣ ತನ್ನಿ, ಬರೆಯುವ ಹುಡುಗನಿಗೆ ಕೂಲಿ ಕೊಡಿ. ಬಸ್ ನಿಲ್ದಾಣದ ಎದುರಿನ ದೊಡ್ಡ ಗೋಡೆಯ ಮೇಲೆ ಬರೆಸಬೇಡಿ, ಅಲ್ಲಿ ಗಂಡನ ಜೊತೆ ನಿಂತವಳು ತಲೆ ಎತ್ತಿ ಓದಲಾರಳು. ಹೆಂಗಸರ ಶೌಚಾಲಯದಲ್ಲಿ, ಪ್ರತಿ ಬಾಗಿಲಿನ ಒಳಬದಿಗೆ, ಮೂರು ಸಂಖ್ಯೆ ಬರೆಸಿ: ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಕಾನೂನು ನೆರವಿಗೆ 15100. ಆಕೆ ಒಬ್ಬಳೇ ಇರುವ ಜಾಗ ಅದೊಂದೇ.